ಆಟಿಸಂ ವರದಿಯನ್ನು ಓದಿಕೊಳ್ಳುವ ಬಗೆ

ತಪಾಸಣೆಯ ವರದಿಯಲ್ಲಿ ಎ.ಎಸ್.ಡಿ. ಎಂದಿದ್ದರೆ ಅದು ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ತಾಯಿ ಸಾಕಿದ ರೀತಿಯಿಂದಾಗಲಿ, ಲಸಿಕೆಯಿಂದಾಗಲಿ ಇದು ಬರುವುದಿಲ್ಲ.

ವರದಿಯಲ್ಲಿ ಮೊದಲು ಎರಡು ಸಂಗತಿಗಳನ್ನು ಹುಡುಕಿ. ಒಂದು, ಇತರರೊಡನೆ ಬೆರೆಯುವುದರಲ್ಲಿ ಮತ್ತು ಸಂವಹನದಲ್ಲಿ ಇರುವ ತೊಡಕು. ಇನ್ನೊಂದು, ಒಂದೇ ಬಗೆಯ ವರ್ತನೆಯ ಪುನರಾವರ್ತನೆ; ಸದ್ದಿನಂಥವಕ್ಕೆ ಅತಿಯಾಗಿ ಪ್ರತಿಕ್ರಿಯಿಸುವುದೂ ಇದರಲ್ಲೇ ಸೇರುತ್ತದೆ. ಎರಡೂ ಇದ್ದರೆ ಮಾತ್ರ ಆಟಿಸಂ. ಮಾತು ತಡವಾಗಿದೆ ಎಂಬುದೊಂದೇ ಸಾಲದು. ಬಿಸ್ಕತ್ತು ಬೇಕಾದಾಗ ಮಗು ಬೆರಳು ತೋರಿಸದೆ, ಮುಖವನ್ನೂ ನೋಡದೆ, ಅಮ್ಮನ ಮಣಿಕಟ್ಟು ಹಿಡಿದು ಡಬ್ಬಿಯ ಬಳಿಗೆ ಎಳೆದೊಯ್ಯುವುದು ಮೊದಲನೆಯದರ ಲಕ್ಷಣ. ಆಟಿಕೆ ಕಾರನ್ನು ಓಡಿಸದೆ ಅದರ ಚಕ್ರವನ್ನಷ್ಟೇ ತಿರುಗಿಸುತ್ತಾ ಕೂರುವುದು, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಚೀರುವುದು ಎರಡನೆಯ ಗುಂಪಿಗೆ ಸೇರುತ್ತವೆ.

‘ಎಕೋಲಾಲಿಯಾ’ ಎಂದರೆ ಕೇಳಿದ್ದನ್ನೇ ಮರಳಿ ನುಡಿಯುವುದು. ‘ನೀರು ಬೇಕಾ?’ ಎಂದರೆ ಮಗುವೂ ‘ನೀರು ಬೇಕಾ?’ ಎನ್ನುತ್ತದೆ. ಇದನ್ನು ಉದ್ಧಟತನವೆಂದು ಗದರಬೇಡಿ. ಎಷ್ಟೋ ವೇಳೆ ಅದು ಮಗು ನೀರು ಕೇಳುವ ರೀತಿಯೇ ಆಗಿರುತ್ತದೆ.

ಹಳೆಯ ವರದಿಗಳಲ್ಲಿ ಆಸ್ಪರ್ಜರ್ ಸಿಂಡ್ರೋಮ್, ಪಿ.ಡಿ.ಡಿ.-ಎನ್.ಒ.ಎಸ್. ಎಂಬ ಹೆಸರುಗಳಿರಬಹುದು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿ.ಎಸ್.ಎಂ.-5 ಇವನ್ನು ಎ.ಎಸ್.ಡಿ.ಯೊಳಗೇ ಸೇರಿಸಿತು. ಅದರ 1, 2, 3 ಎಂಬ ಹಂತಗಳು ಮಗುವಿಗೆ ಎಷ್ಟು ನೆರವು ಬೇಕೆಂದು ಹೇಳುತ್ತವೆಯೇ ಹೊರತು ಬುದ್ಧಿಮಟ್ಟವನ್ನಲ್ಲ. ಐ.ಎಸ್.ಎ.ಎ. ಎಂಬುದು ಆಟಿಸಂ ಅಳೆಯುವ, 40 ಅಂಶಗಳ ಭಾರತೀಯ ಮಾಪಕ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಇದರ ಅಂಕ ಬೇಕಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ.

ಹೆಸರು ಕರೆದರೆ ತಿರುಗದ ಮಗುವಿಗೆ ಶ್ರವಣ ಪರೀಕ್ಷೆ ತಪ್ಪದೆ ಆಗಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಒಂದೇ ಕಡೆ ಆಗುವುದರಿಂದ, ಮಂಡ್ಯದವರಿಗೂ ಅದು ಹತ್ತಿರದ ಆಸರೆ. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದು ಹಿರಿಯರು ಪ್ರೀತಿಯಿಂದಲೇ ಸಮಾಧಾನ ಹೇಳುತ್ತಾರೆ. ಆದರೆ ಆ ಮಾತನ್ನು ನೆಚ್ಚಿಕೊಂಡು ವರ್ಷ ಕಳೆದರೆ, ಬೇಗ ಶುರುವಾಗಬೇಕಾದ ತರಬೇತಿ ಮಗುವಿಗೆ ತಪ್ಪಿಹೋಗುತ್ತದೆ.

ಹೋಗುವಾಗ ತಾಯಿ ಕಾರ್ಡ್, ಲಸಿಕೆಯ ವಿವರ, ಹಿಂದಿನ ವರದಿಗಳ ಜೊತೆಗೆ ಮಗು ಮನೆಯಲ್ಲಿ ಆಡುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನೂ ಒಯ್ಯಿರಿ. ಹೊಸ ಜಾಗದಲ್ಲಿ ಮಗು ಬೇರೆಯೇ ರೀತಿ ನಡೆದುಕೊಳ್ಳಬಹುದು. ವರದಿಯಲ್ಲಿ ಅರ್ಥವಾಗದ ಪದಕ್ಕೆ ಗೆರೆ ಎಳೆದುಕೊಂಡು, ಎದ್ದು ಬರುವ ಮೊದಲೇ ತಜ್ಞರಿಂದ ಕನ್ನಡದಲ್ಲಿ ವಿವರಣೆ ಕೇಳಿ, ಮನೆಯಲ್ಲಿ ದಿನವೂ ಮಾಡಿಸಬೇಕಾದ ಅಭ್ಯಾಸಗಳನ್ನು ಬರೆಸಿಕೊಳ್ಳಿ.