ಮಜ್ಜೆಯ ಕೊಬ್ಬನ್ನು ಅಳೆಯಹೊರಟಾಗ

ಆಸ್ಟಿಯೋಪೊರೋಸಿಸ್ ಎಂದರೆ ಮೂಳೆಯ ಖನಿಜಾಂಶ ಕುಗ್ಗುವುದು ಎಂದಷ್ಟೇ ತಿಳಿದು ಡೆಕ್ಸಾ (ಎಕ್ಸ್-ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ) ವರದಿಗಳನ್ನು ನೋಡುತ್ತಿದ್ದ ನನಗೆ, ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕ) ರೋಗದ ಗಡಿಯಾದ ಮೈನಸ್ 2.5ಕ್ಕೆ ಇಳಿಯದವರಲ್ಲೂ ಬೆನ್ನುಮೂಳೆ ಕುಸಿದಿರುವುದನ್ನು ಪದೇ ಪದೇ ಕಂಡ ಮೇಲೆ, ಅಸ್ಥಿಮಜ್ಜೆಯ ಕಡೆ ಗಮನ ಹರಿಯಿತು. ಮೂಳೆ ಕಟ್ಟುವ ಕೋಶವೂ ಕೊಬ್ಬಿನ ಕೋಶವೂ ಅಲ್ಲಿ ಒಂದೇ ಬಗೆಯ ಮೂಲಕೋಶದಿಂದ ಹುಟ್ಟುತ್ತವೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಕೊಬ್ಬಿನ ಪಾಲು ಏರುತ್ತದೆ. ಸೂಜಿ ಚುಚ್ಚದೆ ಅದನ್ನು ಅಳೆಯಲು ಎಂಆರ್‌ಐಗೆ ಸಾಧ್ಯ, ಏಕೆಂದರೆ ಕೊಬ್ಬಿನ ಪ್ರೋಟಾನುಗಳು ನೀರಿನವುಗಳಿಗಿಂತ ತುಸು ನಿಧಾನವಾಗಿ ಸುತ್ತುತ್ತವೆ, 1.5 ಟೆಸ್ಲಾ ಕಾಂತಕ್ಷೇತ್ರದ ಯಂತ್ರದಲ್ಲಿ ಈ ಅಂತರ ಸೆಕೆಂಡಿಗೆ ಸುಮಾರು 220 ಸುತ್ತು.

ಯಕೃತ್ತಿನ ಕೊಬ್ಬು ನೋಡಲು ಬಳಸುತ್ತಿದ್ದ ಎರಡು ಎಕೋಗಳ (ಎರಡು ಬೇರೆ ಬೇರೆ ಕ್ಷಣಗಳಲ್ಲಿ ಸಂಕೇತ ಹಿಡಿಯುವ) ವಿಧಾನ ನಮ್ಮ ಯಂತ್ರದಲ್ಲಿ ಮೊದಲೇ ಇತ್ತು. 2.3 ಮಿಲಿಸೆಕೆಂಡಿನಲ್ಲಿ ನೀರಿನ ಮತ್ತು ಕೊಬ್ಬಿನ ಸಂಕೇತಗಳು ಒಂದನ್ನೊಂದು ಕಳೆಯುತ್ತವೆ, 4.6ರಲ್ಲಿ ಕೂಡುತ್ತವೆ. ಅದನ್ನೇ ಸೊಂಟದ ಬೆನ್ನುಮೂಳೆಗೂ ಹಚ್ಚಿದೆ. 68 ವರ್ಷದ ಒಬ್ಬ ಮಹಿಳೆಯಲ್ಲಿ ಎಲ್‌1ರಿಂದ ಎಲ್‌5ರವರೆಗೆ (ಸೊಂಟದ ಐದು ಕಶೇರುಗಳು, ಮೇಲಿನಿಂದ ಕೆಳಕ್ಕೆ) ಬಂದ ಕೊಬ್ಬಿನ ಅಂಕಿಗಳು ಶೇಕಡಾ 44, 47, 49, 45, 42. ಕೆಳಗಿನ ಕಶೇರುಗಳಲ್ಲಿ ಕೊಬ್ಬು ಸಾಮಾನ್ಯವಾಗಿ ಹೆಚ್ಚಿರಬೇಕು; ಇಲ್ಲಿ ನಡುವೆಯೇ ಇಳಿದಿತ್ತು. ಆಕೆ ಅಲುಗಾಡಿರಬೇಕೆಂದು ನಾನು ಎರಡು ದಿನ ಸುಮ್ಮನಿದ್ದದ್ದು ನನ್ನ ಸೋಮಾರಿತನ.

ಮೂರನೆಯ ದಿನ ಒಂದು ಶೀಸೆಯಲ್ಲಿ ನೀರು, ಇನ್ನೊಂದರಲ್ಲಿ ಕಡಲೆಕಾಯಿ ಎಣ್ಣೆ ತುಂಬಿ ಯಂತ್ರದ ಸಂಕೇತ ಹಿಡಿಯುವ ಕಾಯಿಲಿನೊಳಗಿಟ್ಟೆ. ಈ ಎಣ್ಣೆಯ ಸಂಕೇತ ದೇಹದ ಕೊಬ್ಬಿನದನ್ನು ಬಹುಮಟ್ಟಿಗೆ ಹೋಲುವುದರಿಂದ ಇಂಥ ಪರೀಕ್ಷೆಗೆ ಅದನ್ನು ಬಳಸುವ ರೂಢಿಯಿದೆ. ಎಣ್ಣೆಯಲ್ಲಿ ಕೊಬ್ಬೇ ಇಲ್ಲವೇನೋ ಎಂಬಷ್ಟು ಕಡಿಮೆ ಅಂಕಿ ಬಂತು! ಸಂಕೇತದ ಗಾತ್ರವನ್ನಷ್ಟೇ ನೋಡಿ ಕಳೆಯುವ ವಿಧಾನಕ್ಕೆ ಯಾವುದು ಹೆಚ್ಚು, ನೀರೋ ಕೊಬ್ಬೋ, ಎಂಬುದು ತಿಳಿಯುವುದೇ ಇಲ್ಲ. ಹಾಗಾಗಿ ಶೇಕಡಾ 58 ಇದ್ದದ್ದು 42 ಆಗಿ ಕಾಣುತ್ತದೆ. ಯಕೃತ್ತಿನಲ್ಲಿ ಕೊಬ್ಬು ಅರ್ಧವನ್ನು ದಾಟುವುದು ಅಪರೂಪವಾದ್ದರಿಂದ ಈ ಕುಂದು ಅಲ್ಲಿ ಬಯಲಾಗಿರಲಿಲ್ಲ. ಆ ಮಹಿಳೆಯನ್ನು ಮರಳಿ ಕರೆಸಿದಾಗ ಎಲ್‌5ರಲ್ಲಿ ಸ್ಪೆಕ್ಟ್ರೋಸ್ಕೋಪಿ (ನೀರು, ಕೊಬ್ಬುಗಳ ಸಂಕೇತವನ್ನು ಆವರ್ತನದಿಂದ ಬೇರ್ಪಡಿಸಿ ಅಳೆಯುವ ವಿಧಾನ) ತೋರಿಸಿದ್ದು 58ನ್ನೇ.

ಆಮೇಲೆ ಆರು ಎಕೋಗಳ, ಫೇಸ್ (ಸಂಕೇತದ ಅಲೆಯ ಹಂತ) ಮಾಹಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮಕ್ಕೆ ಬದಲಾದೆ. ಮೂಳೆಯ ಜಾಲರಿ ಕಾಂತಕ್ಷೇತ್ರವನ್ನು ಕದಡಿ ಸಂಕೇತವನ್ನು ಬೇಗ ನಂದಿಸುತ್ತದೆ. ಆ ಇಳಿತವನ್ನೂ ಈ ಹೊಸ ಕ್ರಮ ಸರಿಪಡಿಸುತ್ತದೆ. ಕೊಬ್ಬು ತಾನಿರುವುದಕ್ಕಿಂತ ಹೆಚ್ಚು ಹೊಳೆಯದಿರಲೆಂದು ಫ್ಲಿಪ್ ಕೋನವನ್ನು (ರೇಡಿಯೋ ಅಲೆ ಪ್ರೋಟಾನುಗಳನ್ನು ವಾಲಿಸುವ ಕೋನ) 5 ಡಿಗ್ರಿಗೆ ಇಳಿಸಿದೆ. ಅಳೆಯುವ ವೃತ್ತವನ್ನು ಕಶೇರುವಿನ ಅಂಚುಗಳಿಂದ ಒಳಗೆ ಸರಿಸಿ, ಹಿಂಭಾಗದ ನಡುವೆ ಹಾಯುವ ರಕ್ತನಾಳವನ್ನೂ ಹೆಮಾಂಜಿಯೋಮಾಗಳನ್ನೂ (ರಕ್ತನಾಳಗಳ ನಿರಪಾಯಕಾರಿ ಗಂಟುಗಳು) ಕುಸಿದ ಕಶೇರುಗಳನ್ನೂ ಬಿಟ್ಟು, ನಾನೇ ಕೈಯಿಂದ ಎಳೆಯುತ್ತೇನೆ. ಇಷ್ಟಾದರೂ ಈ ಅಂಕಿಯನ್ನು ನೋಡಿ ಔಷಧ ಬರೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ವರದಿಯಲ್ಲಿ ಅದು ಡೆಕ್ಸಾ ಅಂಕಿಯ ಕೆಳಗಿನ ಸಾಲಿನಲ್ಲಿರುತ್ತದೆ. ಎಣ್ಣೆಯ ಶೀಸೆ ಈಗಲೂ ಕನ್ಸೋಲ್ ಕೋಣೆಯ ಕಪಾಟಿನಲ್ಲಿದೆ, ಮುಚ್ಚಳದ ಮೇಲೆ ‘ಅಡುಗೆಗಲ್ಲ’ ಎಂಬ ಚೀಟಿಯೊಂದಿಗೆ.