ಸ್ತನದ ಇಂಪ್ಲಾಂಟ್: ತೊಂದರೆ ಗುರುತಿಸುವುದು ಹೇಗೆ?

ಸ್ತನಕ್ಕೆ ಆಕಾರ ಕೊಡಲು ಒಳಗೆ ಇಡುವ ಕೃತಕ ಚೀಲವೇ ಇಂಪ್ಲಾಂಟ್. ಕ್ಯಾನ್ಸರ್ ಆಪರೇಷನ್ ನಂತರ ಅದನ್ನು ಹಾಕಿಸಿಕೊಂಡವರಿದ್ದಾರೆ, ಅಂದಕ್ಕಾಗಿ ಹಾಕಿಸಿಕೊಂಡವರೂ ಇದ್ದಾರೆ. ನಮ್ಮ ಹಾಸನದ ಕಡೆಯವರಿಗೆ ಆಪರೇಷನ್ ಆಗುವುದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ. ಊರಿಗೆ ಬಂದ ಮೇಲೆ ಎದೆಯಲ್ಲಿ ಏನಾದರೂ ಬದಲಾದರೆ ಯಾರಿಗೂ ಹೇಳದೆ ಸುಮ್ನೆ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಪ್ಲಾಂಟ್ ಜೀವನಪೂರ್ತಿ ಬಾಳಿಕೆ ಬರುವ ವಸ್ತುವಲ್ಲ.

ಮೊದಲು ಆಸ್ಪತ್ರೆಯವರು ಕೊಟ್ಟ ಇಂಪ್ಲಾಂಟ್ ಕಾರ್ಡ್ ಹುಡುಕಿಡಿ. ಕಂಪನಿ, ಮಾದರಿ, ಸೀರಿಯಲ್ ನಂಬರ್ ಅದರಲ್ಲಿರುತ್ತವೆ. ಕಳೆದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯಿಂದ ದಾಖಲೆ ಕೇಳಿ ಪಡೆಯಿರಿ.

ಆಮೇಲೆ ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಎರಡೂ ಕಡೆ ಹೋಲಿಸಿ ನೋಡಿ. ಕೈ ಎತ್ತಿಯೂ ನೋಡಿ. ಒಂದು ಕಡೆ ಗಟ್ಟಿಯಾಗುತ್ತಾ ಬಂದು, ಮೇಲಕ್ಕೆ ಸರಿದು, ನೋಯುತ್ತಿದೆಯಾ? ಇಂಪ್ಲಾಂಟ್ ಸುತ್ತ ದೇಹ ಪೊರೆ ಕಟ್ಟುವುದು ಸಹಜ. ಆ ಪೊರೆ ಬಿಗಿಯಾದಾಗ ಹೀಗಾಗುತ್ತದೆ. ರೇಡಿಯೇಷನ್ ಪಡೆದವರಲ್ಲಿ ಇದು ಜಾಸ್ತಿ.

ಉಪ್ಪುನೀರು ತುಂಬಿದ ಇಂಪ್ಲಾಂಟ್ ಒಡೆದರೆ ಎದೆ ಬೇಗ ಕುಗ್ಗುತ್ತದೆ, ತಿಳಿದುಬಿಡುತ್ತದೆ. ಸಿಲಿಕೋನ್ ಜೆಲ್ ತುಂಬಿದ್ದು ಹಾಗಲ್ಲ. ಒಡೆದರೂ ನೋವಿಲ್ಲ, ಆಕಾರವೂ ಹಾಗೇ ಇರಬಹುದು. ಕೈಗೂ ಕಣ್ಣಿಗೂ ಸಿಗದ ತೊಂದರೆ ಇದು. ಅದಕ್ಕೇ ಸಿಲಿಕೋನ್ ಹಾಕಿಸಿಕೊಂಡವರು ಏನೂ ಅನ್ನಿಸದಿದ್ದರೂ 5-6 ವರ್ಷಕ್ಕೆ ಮೊದಲ ಸಲ, ನಂತರ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು ಎಂದು ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದೆ. ಖರ್ಚಿನ ಮಾತು ನಿಜ. ಆದರೂ ಇದನ್ನು ಬಿಡಬೇಡಿ.

ವರ್ಷಗಳೇ ಕಳೆದ ಮೇಲೆ ಒಂದು ಕಡೆ ಏಕಾಏಕಿ ಊದಿಕೊಂಡರೆ, ಗಡ್ಡೆ ಸಿಕ್ಕರೆ, ತಡ ಮಾಡಬೇಡಿ. ಇಂಪ್ಲಾಂಟ್ ಸುತ್ತ ನೀರು ತುಂಬಿದ್ದರೆ ಅದನ್ನು ತೆಗೆದು ಚೆಲ್ಲದೆ ಲ್ಯಾಬಿಗೆ ಕಳಿಸಲೇಬೇಕು. ಅಪರೂಪಕ್ಕೆ ಅದು ಲಿಂಫೋಮಾ ಇರಬಹುದು. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ಮೇಲ್ಮೈ ತರಿತರಿಯಾಗಿರುವ ಇಂಪ್ಲಾಂಟ್‌ಗಳಲ್ಲಿ ಹೆಚ್ಚು ಕಂಡಿದೆ. ಅದೇ ಕಾರಣಕ್ಕೆ ಅಲರ್ಗನ್ ಕಂಪನಿ 2019ರಲ್ಲಿ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಬೇಗ ಗೊತ್ತಾದರೆ, ಇಂಪ್ಲಾಂಟನ್ನೂ ಸುತ್ತಲಿನ ಪೊರೆಯನ್ನೂ ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಕಾರ್ಡ್ ಬೇಕಾಗುವುದು ಇಂಥ ಹೊತ್ತಿಗೇ.

ಮ್ಯಾಮೊಗ್ರಾಂಗೆ (ಸ್ತನದ ಎಕ್ಸ್‌ರೇ) ಹೋದಾಗ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಿ. ಚಿತ್ರ ತೆಗೆಯುವ ಕ್ರಮವೇ ಬೇರೆ.

ಜ್ವರ, ಎದೆ ಕೆಂಪಾಗಿ ಬಿಸಿಯಾಗುವುದು, ಗಾಯದಲ್ಲಿ ಕೀವು, ಆಪರೇಷನ್ ಆದ ಹೊಸದರಲ್ಲಿ ದಿಢೀರ್ ಊತ: ಇವಕ್ಕೆ ಅದೇ ದಿನ ಡಾಕ್ಟರ್ ಬೇಕು. ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆಯಲಿ, ಮಂಗಳೂರಿಗೇ ಹೋಗೋಣ ಎಂದು ಕಾಯಬೇಡಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಬನ್ನಿ. ಆಪರೇಷನ್ ಮಾಡಿದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿ.