ಸೂಜಿ ಚುಚ್ಚುವ ಮೊದಲು: ಮಧುಮೇಹಿಗಳ ರಕ್ತದಲ್ಲಿ ಉರಿಯೂತವನ್ನು ಅಳೆದ ಅನುಭವ

ವಿಜಯಪುರದ ಪ್ರಯೋಗಾಲಯವೊಂದರಲ್ಲಿ ಜೀವರಸಾಯನಶಾಸ್ತ್ರದ ಕೆಲಸ ಮಾಡುವ ನಾನು, ಟೈಪ್ 2 ಮಧುಮೇಹವಿರುವವರ ರಕ್ತದಲ್ಲಿ ಉರಿಯೂತ ಹಾಗೂ ಆಕ್ಸಿಡೇಟಿವ್ ಒತ್ತಡದ (ಆಮ್ಲಜನಕದ ಚುರುಕು ಕಣಗಳಿಂದ ಜೀವಕೋಶಗಳಿಗಾಗುವ ಹಾನಿಯ) ಸೂಚಕಗಳನ್ನು ಅಳೆಯುವ ಅಧ್ಯಯನದಲ್ಲಿ ತೊಡಗಿದ್ದಾಗ, ಯಂತ್ರದ ಮುಂದೆ ಕುಳಿತದ್ದಕ್ಕಿಂತ ರಕ್ತ ತೆಗೆಯುವ ಕುರ್ಚಿಯ ಪಕ್ಕದಲ್ಲಿ ನಿಂತದ್ದೇ ಹೆಚ್ಚು. ಇದಕ್ಕೆ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನಿನ, ಅಂದರೆ ಸಿಆರ್‌ಪಿಯ, ಸ್ವಭಾವವೇ ಕಾರಣ. ಮುಖ್ಯವಾಗಿ ಇಂಟರ್‌ಲ್ಯೂಕಿನ್-6 ಎಂಬ, ಉರಿಯೂತದ ಸಂದೇಶ ಒಯ್ಯುವ ಪ್ರೋಟೀನಿನ ಪ್ರಚೋದನೆಯಿಂದ ಯಕೃತ್ತು ಅದನ್ನು ತಯಾರಿಸುತ್ತದೆ. ಆ ಪ್ರಚೋದನೆ ಹೊಟ್ಟೆಯ ಕೊಬ್ಬಿನಿಂದ ಬಂದಿತೋ, ವಸಡಿನ ಕೀವಿನಿಂದ ಬಂದಿತೋ ಎಂಬುದು ವರದಿಯ ಅಂಕಿಯಿಂದ ತಿಳಿಯುವುದಿಲ್ಲ.

ಹಾಗಾಗಿ ಜ್ವರ, ಕೆಮ್ಮು, ಹಲ್ಲುನೋವು, ಉರಿಮೂತ್ರ, ತಂಬಾಕು, ನುಂಗುತ್ತಿರುವ ಗುಳಿಗೆಗಳು, ಇವೆಲ್ಲವನ್ನೂ ಮೊದಲೇ ಕೇಳಿ ಬರೆದುಕೊಳ್ಳುತ್ತಿದ್ದೆ. ಸಿಂದಗಿ ಕಡೆಯ ಹಿರಿಯ ರೈತರೊಬ್ಬರು ಎಲ್ಲದಕ್ಕೂ ‘ಏನೂ ಇಲ್ರೀ’ ಎಂದರು. ‘ಕಾಕಾ, ಚಪ್ಪಲಿ ಒಮ್ಮೆ ತಗೀರಿ’ ಎಂದೆ. ಹೆಬ್ಬೆರಳಿನ ಸಂದಿಯಲ್ಲಿ ಜೋಳದ ಕೂಳೆ ಚುಚ್ಚಿ ಆದ ಗಾಯ ಕೀವು ತುಂಬಿಕೊಂಡಿತ್ತು. ‘ನೋವಾಗಿದ್ರ ನಾನಽ ಹೇಳ್ತಿದ್ನಲ್ರೀ’ ಎಂದರು. ನರಗಳ ಸಂವೇದನೆ ಕುಗ್ಗಿದವರಿಗೆ ಇದು ಸಹಜ. ಅವರನ್ನು ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಳಿಸಿದೆವು. ಅಧ್ಯಯನಕ್ಕೆ ರಕ್ತ ತೆಗೆಯಲಿಲ್ಲ.

ಹೃದಯದ ಅಪಾಯವನ್ನು ಅಂದಾಜಿಸಲು ಅಮೆರಿಕದ ತಜ್ಞರು 2003ರಲ್ಲಿ ಸೂಚಿಸಿದಂತೆ, ಹೈ ಸೆನ್ಸಿಟಿವಿಟಿ (ಅತಿ ಕಡಿಮೆ ಪ್ರಮಾಣವನ್ನೂ ಗುರುತಿಸುವ ವಿಧಾನದಲ್ಲಿ ಅಳೆದ) ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲಿದ್ದರೆ ಹೆಚ್ಚು. ಆದರೆ 10 ದಾಟಿತೆಂದರೆ ಮೊದಲು ಸೋಂಕನ್ನೇ ಹುಡುಕಬೇಕು. ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಅವಧಿ, ಸುಮಾರು 19 ಗಂಟೆಯಷ್ಟೇ ಆದ್ದರಿಂದ ಸೋಂಕು ತಗ್ಗಿದ ಮೇಲೆ ಅಂಕಿಯೂ ಬೇಗ ಇಳಿಯುತ್ತದೆ. ಅಂಥವರನ್ನು ಗುಣವಾದ ಬಳಿಕ ಮತ್ತೆ ಕರೆಸುತ್ತಿದ್ದೆವು.

ಆಕ್ಸಿಡೇಟಿವ್ ಒತ್ತಡದ ಸೂಚಕವಾದ ಮ್ಯಾಲೊಂಡೈಆಲ್ಡಿಹೈಡ್ ಇನ್ನೂ ನಾಜೂಕಿನದು. ಕೊಬ್ಬಿನಾಮ್ಲಗಳು ಆಕ್ಸಿಡೀಕರಣಗೊಂಡಾಗ ಹುಟ್ಟುವ ಇದನ್ನು ಥಯೋಬಾರ್ಬಿಟ್ಯೂರಿಕ್ ಆಮ್ಲದೊಂದಿಗೆ ಕುದಿನೀರಿನಲ್ಲಿ ಕಾಯಿಸಿದರೆ ತಿಳಿ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣವನ್ನು 532 ನ್ಯಾನೋಮೀಟರಿನಲ್ಲಿ ಅಳೆಯುತ್ತೇವೆ. ತೊಡಕೆಂದರೆ, ಪಿತ್ತದ ಹಳದಿ ಬಣ್ಣದ ವಸ್ತುವಾದ ಬಿಲಿರುಬಿನ್ ಮತ್ತು ಕೆಲವು ಸಕ್ಕರೆಗಳೂ ಈ ಅಳತೆಯಲ್ಲಿ ತಲೆಹಾಕುತ್ತವೆ. ಕೆಂಪುಕಣ ಒಡೆದ ಮಾದರಿಯಂತೂ ನಂಬಿಕೆಗೆ ಅರ್ಹವಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ನಳಿಕೆಯನ್ನು ಮೇಜಿನ ಮೇಲೆ ಬಿಟ್ಟರೆ ಆಕ್ಸಿಡೀಕರಣ ನಳಿಕೆಯೊಳಗೇ ಮುಂದುವರಿಯುತ್ತದೆ, ಆಗ ನಾವು ಅಳೆಯುವುದು ರೋಗಿಯನ್ನಲ್ಲ, ನಮ್ಮ ವಿಳಂಬವನ್ನು. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು, ಕೂಡಲೇ ಸೆಂಟ್ರಿಫ್ಯೂಜ್‌ ಮಾಡಿ (ವೇಗವಾಗಿ ತಿರುಗಿಸಿ ರಕ್ತಕಣಗಳನ್ನು ಬೇರ್ಪಡಿಸಿ), ಕೆಂಪಡರಿದ ಪ್ಲಾಸ್ಮಾವನ್ನು (ಕಣಗಳಿಲ್ಲದ ದ್ರವವನ್ನು) ಚೆಲ್ಲಿ, ಉಳಿದದ್ದನ್ನು ಮೈನಸ್ 80 ಡಿಗ್ರಿಯಲ್ಲಿ ಇರಿಸುತ್ತಿದ್ದೆವು.

ರೋಗಿಯ ಕೈಗೆ ಕೊಡುವ ವರದಿಯಲ್ಲಿ ಸಿಆರ್‌ಪಿ ಮತ್ತು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಮಾತ್ರ ಇರುತ್ತಿದ್ದವು. ಮ್ಯಾಲೊಂಡೈಆಲ್ಡಿಹೈಡ್ ಗುಂಪುಗಳ ಸರಾಸರಿಯನ್ನು ಹೋಲಿಸಲು ಉಪಯುಕ್ತವೇ ಹೊರತು ಒಬ್ಬರ ಚಿಕಿತ್ಸೆಯನ್ನು ನಿರ್ಧರಿಸಲು ಅದಕ್ಕೆ ಎಲ್ಲರೂ ಒಪ್ಪಿದ ಮಿತಿಯಿಲ್ಲ. ಆ ಅಂಕಿ ಕೈಗೆ ಸಿಕ್ಕರೆ ಜನ ನೇರವಾಗಿ ಔಷಧದಂಗಡಿಗೆ ಹೋಗಿ ಆಂಟಿಆಕ್ಸಿಡೆಂಟ್ ಗುಳಿಗೆ ಕೇಳುತ್ತಾರೆಂಬ ಅಳುಕೂ ನನಗಿತ್ತು. ಮಧುಮೇಹಿಗಳೂ ಇದ್ದ, 2000ರಲ್ಲಿ ಪ್ರಕಟವಾದ ಹೋಪ್ ಎಂಬ ಹೃದ್ರೋಗ ಅಧ್ಯಯನದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಎಂಬ ಆಂಟಿಆಕ್ಸಿಡೆಂಟ್ ಹೃದಯಾಘಾತವನ್ನು ತಗ್ಗಿಸಲಿಲ್ಲ.